ಮೊದಲ ಸರ್ಕಾರ ಯಾವುದಿರಲಿ?

ಹೋದ ವರ್ಷ ದಸರಾ ರಜೆಗೆ ಸ್ವಲ್ಪ ಮುಂಚೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ಸಿಕ್ಕರು. ಹೊಗೆಸೊಪ್ಪು ಬೆಳೆಯುವ ರೈತರು. ಕುಶಲೋಪರಿ ಮುಗಿಯುವ ಮೊದಲೇ ದೂರು ತೆಗೆದರು. “ಮೇಷ್ಟ್ರೇ, ನಮ್ಮುಡುಗ ಈ ಸಲ ಹತ್ತನೇ ಕ್ಲಾಸು. ಪುಸ್ತಕ ಮುಟ್ಟಾಕಿಲ್ಲ. ಅವರಕ್ಕನ ಕಂಪ್ಯೂಟರ್ ಮುಂದೆ ಕೂತ್ಕೊಂಡು ರಾಜ್ಯ ಕಟ್ತಾವ್ನೆ. ಊಟಕ್ಕೆ ಕರೆದ್ರೆ ‘ತಡಿಯಪ್ಪ, ಈಗ ಸರ್ಕಾರ ಬದಲಾಯಿಸ್ತಾ ಇವ್ನಿ’ ಅಂತಾನೆ. ನೀವೇ ಬಂದು ಒಂದು ಮಾತು ಹೇಳಿ.”

ಹುಡುಗನಿಗೆ ಬುದ್ಧಿ ಹೇಳಲೆಂದೇ ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಹುಡುಗ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. ನಾನು ಬಾಯಿ ತೆರೆಯುವ ಮೊದಲೇ, ಎಷ್ಟೋ ದಿನದಿಂದ ಕಾದಿದ್ದವನಂತೆ ಕೇಳಿದ: “ಸಾರ್, ಮೊದಲು ರಾಜನ ಸರ್ಕಾರ ಮಾಡೋದು ಒಳ್ಳೇದೋ, ನೇರವಾಗಿ ಗಣರಾಜ್ಯಕ್ಕೆ ಹೋಗೋದು ಒಳ್ಳೇದೋ?”

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಬೆಳಕಿನ ವಕ್ರೀಭವನದ ಬಗ್ಗೆ ಕೇಳಿದ್ದರೆ ತಕ್ಷಣ ಉತ್ತರ ಬರುತ್ತಿತ್ತು. ಈ ಪ್ರಶ್ನೆಗೆ ಬರಲಿಲ್ಲ. ಬುದ್ಧಿ ಹೇಳಲು ಹೋದವನು ಎರಡು ಗಂಟೆ ಕೂತು ಪಾಠ ಹೇಳಿಸಿಕೊಂಡು ಬಂದೆ. ಮಕ್ಕಳೂ ಪೋಷಕರೂ ಕೂಡಿ ಯೋಚಿಸಬೇಕಾದ ಒಂದು ವಿಷಯ ಆ ಆಟದೊಳಗೆ ಇದೆ ಎನ್ನಿಸಿದ್ದರಿಂದ ಈ ಲೇಖನ.

ಏನಿದು ಆಟ?

ನಾಗರಿಕತೆಯನ್ನು ಕಟ್ಟುವ ಈ ಬಗೆಯ ಆಟಗಳಲ್ಲಿ ಹೆಸರಾದದ್ದು ‘ಸಿವಿಲೈಜೇಷನ್’. ಅಮೆರಿಕದ ಸಿಡ್ ಮೇಯರ್ ಎಂಬುವರು ರೂಪಿಸಿದ ಇದರ ಮೊದಲ ಆವೃತ್ತಿ 1991ರಲ್ಲಿ ಬಂತು, ಏಳನೆಯದು 2025ರಲ್ಲಿ. ಇದೇ ಮಾದರಿಯಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರಲ್ಲಿ ‘ಫ್ರೀಸಿವ್’ ಎಂಬ ಆಟವನ್ನು ಬರೆಯತೊಡಗಿದರು. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದು. ನಮ್ಮ ಹುಡುಗ ಆಡುತ್ತಿದ್ದದ್ದು ಇದನ್ನೇ.

ಕ್ರಿಸ್ತಪೂರ್ವ 4000ದಲ್ಲಿ ಆಟ ಶುರು. ನಿಮ್ಮ ಬಳಿ ಕೆಲವೇ ವಲಸಿಗರು. ಸುತ್ತಲ ನಕ್ಷೆ ಕತ್ತಲು. ಒಳ್ಳೆಯ ನೆಲ ನೋಡಿ ಊರು ಕಟ್ಟಬೇಕು, ಊರಿನ ಸುತ್ತಲ ಚೌಕಗಳಲ್ಲಿ ಬೇಸಾಯ ಮಾಡಿಸಬೇಕು, ರಸ್ತೆ ಹಾಕಿಸಬೇಕು, ವಿದ್ಯೆಗಳನ್ನು ಒಂದೊಂದಾಗಿ ಕಲಿಯಬೇಕು. ಪ್ರತಿ ಚೌಕದಿಂದ ಮೂರು ಬಗೆಯ ಆದಾಯ: ಆಹಾರ, ಉತ್ಪಾದನೆ, ವ್ಯಾಪಾರ. ವ್ಯಾಪಾರದ ಆದಾಯವನ್ನು ತೆರಿಗೆ, ಸಂಶೋಧನೆ ಮತ್ತು ಜನರ ಸುಖಸೌಕರ್ಯ ಎಂದು ಮೂರು ಪಾಲು ಮಾಡಬೇಕು. ಚದುರಂಗದಂತೆ ಒಬ್ಬರಾದ ಮೇಲೆ ಒಬ್ಬರ ಸರದಿ. ಅವಸರವಿಲ್ಲ, ಗುಂಡಿನ ಸದ್ದಿಲ್ಲ, ಲೆಕ್ಕವೇ ಹೆಚ್ಚು.

ಆರಂಭದಲ್ಲಿ ಎಲ್ಲರಿಗೂ ಸಿಗುವ ಸರ್ಕಾರ ಒಂದೇ, ನಿರಂಕುಶಾಧಿಕಾರ. ಒಬ್ಬನ ಮಾತೇ ಶಾಸನ. ಸ್ವಲ್ಪ ವಿದ್ಯೆ ಕೂಡಿದ ಮೇಲೆ ಎರಡು ದಾರಿಗಳು ತೆರೆಯುತ್ತವೆ. ಒಂದು ರಾಜಪ್ರಭುತ್ವ, ಇನ್ನೊಂದು ಗಣರಾಜ್ಯ. ಹುಡುಗ ನಿಂತಿದ್ದದ್ದು ಈ ಕವಲಿನಲ್ಲಿ.

ಒಂದಕ್ಕೆ ಒಂದು ಸೇರಿದರೂ ಲೆಕ್ಕ ಬೆಳೆಯದು

ನಿರಂಕುಶಾಧಿಕಾರದಲ್ಲಿ ಮುಂದುವರಿದರೆ ನಷ್ಟವೇನು ಎಂದು ಕೇಳಿದೆ. ಹುಡುಗ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ. ಆ ಸರ್ಕಾರದಲ್ಲಿ ಯಾವ ಚೌಕವಾದರೂ ಯಾವುದೇ ಒಂದು ಆದಾಯವನ್ನು 2ಕ್ಕಿಂತ ಹೆಚ್ಚು ಕೊಟ್ಟರೆ ಅದರಲ್ಲಿ 1 ಕಡಿತವಾಗುತ್ತದೆ. ಹುಲ್ಲುಗಾವಲಿನ ಚೌಕ 2 ಆಹಾರ ಕೊಡುತ್ತದೆ. ಕಷ್ಟಪಟ್ಟು ಕಾಲುವೆ ತೋಡಿಸಿ ನೀರು ಹಾಯಿಸಿದರೆ 3 ಆಗಬೇಕು. ಆದರೆ ಕಡಿತವಾಗಿ ಮತ್ತೆ 2ಕ್ಕೇ ಬಂದು ನಿಲ್ಲುತ್ತದೆ. ಕಾಲುವೆ ತೋಡಿದವನ ಶ್ರಮ ಮಣ್ಣುಪಾಲು.

ನಾನು ದಂಗಾದೆ. ಇದಕ್ಕಿಂತ ಸರಳವಾಗಿ ಅರ್ಥಶಾಸ್ತ್ರ ಹೇಳುವುದು ಹೇಗೆ? ಹೆಚ್ಚು ದುಡಿದವನಿಗೆ ಹೆಚ್ಚು ದಕ್ಕದಿದ್ದರೆ ಯಾರೂ ಹೆಚ್ಚು ದುಡಿಯುವುದಿಲ್ಲ. ಇಂಥ ಆಡಳಿತದಲ್ಲಿ ಊರಿನ ಸಂಖ್ಯೆ ಹೆಚ್ಚಿಸಬಹುದೇ ಹೊರತು ಒಂದೊಂದು ಊರನ್ನೂ ಸಮೃದ್ಧ ಮಾಡುವುದು ಕಷ್ಟ. ಹಾಗಾಗಿ ಬಲ್ಲವರು ಆರಂಭದಲ್ಲಿ ನೀರಾವರಿಗೆ ಕೈಹಾಕದೆ ಬೇಗಬೇಗ ಊರು ಕಟ್ಟುತ್ತಾರೆ. ಸರ್ಕಾರ ಬದಲಾದ ಮೇಲೆ ಕಾಲುವೆ ತೋಡುತ್ತಾರೆ.

ರಾಜನೋ, ಗಣರಾಜ್ಯವೋ?

ರಾಜಪ್ರಭುತ್ವಕ್ಕೆ ಬೇಕಾದ ವಿದ್ಯೆಗಳು ನಾಲ್ಕು: ಅಕ್ಷರಮಾಲೆ, ಕಾನೂನು ಸಂಹಿತೆ, ಶವಸಂಸ್ಕಾರದ ವಿಧಿ, ಕೊನೆಗೆ ರಾಜಪ್ರಭುತ್ವ. ಗಣರಾಜ್ಯಕ್ಕೆ ಐದು: ಅಕ್ಷರಮಾಲೆ, ಬರವಣಿಗೆ, ಕಾನೂನು ಸಂಹಿತೆ, ಸಾಕ್ಷರತೆ, ಕೊನೆಗೆ ಗಣರಾಜ್ಯ. ರಾಜನಿಗೆ ಅಂತ್ಯಕ್ರಿಯೆಯ ವೈಭವ ಸಾಕು, ಗಣರಾಜ್ಯಕ್ಕೆ ಓದು ಬರಹ ಬೇಕು! ಆಟ ರೂಪಿಸಿದವರು ತಮಾಷೆಗೆ ಹೀಗೆ ಮಾಡಿದರೋ ತಿಳಿದೇ ಮಾಡಿದರೋ, ಶಾಲೆಯ ಮೇಷ್ಟರಾದ ನನಗಂತೂ ಖುಷಿಯಾಯಿತು.

ರಾಜಪ್ರಭುತ್ವ ಬಂದೊಡನೆ ಮೇಲೆ ಹೇಳಿದ ಕಡಿತ ನಿಲ್ಲುತ್ತದೆ. ಕಾಲುವೆಯ ಫಲ ದಕ್ಕುತ್ತದೆ. ಊರಿನಲ್ಲಿ ಜನ ಸಿಡುಕಿದರೆ ಒಂದೆರಡು ದಳ ಸೈನಿಕರನ್ನು ಅಲ್ಲಿ ಕೂರಿಸಿದರೆ ಸಾಕು, ಸುಮ್ಮನಾಗುತ್ತಾರೆ. ಗಡಿಯಾಚೆ ಯುದ್ಧಕ್ಕೆ ಹೋದರೂ ಊರಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ಗಣರಾಜ್ಯದಲ್ಲೂ ಕಡಿತವಿಲ್ಲ. ಜೊತೆಗೆ ಒಂದು ದೊಡ್ಡ ಲಾಭವಿದೆ. ಈಗಾಗಲೇ ವ್ಯಾಪಾರವಿರುವ ಪ್ರತಿ ಚೌಕಕ್ಕೂ ಇನ್ನೊಂದು ವ್ಯಾಪಾರ ಸೇರುತ್ತದೆ. ರಸ್ತೆ ಹಾಕಿದ ಬಯಲು 1ರ ಬದಲು 2 ಕೊಡುತ್ತದೆ, ಸಮುದ್ರದ ಚೌಕ 2ರ ಬದಲು 3. ಒಂದು ಪಾಲಿಗೆ ಹಾಕಬಹುದಾದ ಗರಿಷ್ಠ ಮೊತ್ತವೂ ಏರುತ್ತದೆ: ನಿರಂಕುಶಾಧಿಕಾರದಲ್ಲಿ ಶೇಕಡ 60, ರಾಜಪ್ರಭುತ್ವದಲ್ಲಿ 70, ಗಣರಾಜ್ಯದಲ್ಲಿ 80. ಅಂದರೆ ವಿದ್ಯೆ ಬೇಗ ಬೆಳೆಯುತ್ತದೆ. ಆದರೆ ಗಣರಾಜ್ಯದಲ್ಲಿ ಸೈನಿಕರನ್ನು ತೋರಿಸಿ ಜನರನ್ನು ಸುಮ್ಮನಾಗಿಸಲು ಬರುವುದಿಲ್ಲ. ಹೊರಗೆ ದಂಡೆತ್ತಿ ಹೋದ ಒಂದೊಂದು ದಳಕ್ಕೂ ಅದರ ತವರೂರಿನಲ್ಲಿ ಒಬ್ಬೊಬ್ಬ ಅತೃಪ್ತ ಹುಟ್ಟಿಕೊಳ್ಳುತ್ತಾನೆ. ಅತೃಪ್ತರ ಸಂಖ್ಯೆ ತೃಪ್ತರಿಗಿಂತ ಹೆಚ್ಚಾದರೆ ಗಲಭೆ, ಕೆಲಸವೆಲ್ಲ ಸ್ಥಗಿತ.

ಇದನ್ನು ನಾವಿಬ್ಬರೂ ಸೇರಿ ಒಂದು ಸಣ್ಣ ಸೂತ್ರಕ್ಕೆ ಇಳಿಸಿದೆವು. ಒಂದು ಊರಿನಲ್ಲಿ ವ್ಯಾಪಾರವಿರುವ 6 ಚೌಕಗಳಿವೆ ಎನ್ನೋಣ. ಗಣರಾಜ್ಯದಿಂದ ಬರುವ ಹೆಚ್ಚುವರಿ 6. ಒಬ್ಬ ಅತೃಪ್ತನಿಗೆ ಪ್ರತಿಯಾಗಿ ಒಬ್ಬ ತೃಪ್ತನನ್ನು ಪಡೆಯಲು ಸುಖಸೌಕರ್ಯಕ್ಕೆ 2 ವ್ಯಾಪಾರ ಬೇಕು. ಆ ಊರಿನ 2 ದಳ ಹೊರಗಿದ್ದರೆ ಖರ್ಚು 4, ಉಳಿತಾಯ 2. ಮೂರು ದಳ ಹೋದರೆ ಸರಿಸಮ. ನಾಲ್ಕು ಹೋದರೆ ನಷ್ಟ. ಬೇರೆ ಅಂಶಗಳನ್ನು ಬದಿಗಿಟ್ಟು ಹೇಳುವುದಾದರೆ, ಹೊರಗಿರುವ ದಳಗಳ ಎರಡರಷ್ಟಕ್ಕಿಂತ ವ್ಯಾಪಾರದ ಚೌಕಗಳು ಹೆಚ್ಚಿದ್ದರೆ ಗಣರಾಜ್ಯ, ಇಲ್ಲವಾದರೆ ರಾಜಪ್ರಭುತ್ವ.

ಹುಡುಗನ ನಕ್ಷೆ ನೋಡಿದೆ. ಅವನ ಆರು ಊರುಗಳಲ್ಲಿ ನಾಲ್ಕು ಕರಾವಳಿಯಲ್ಲಿದ್ದವು. ನೆರೆಯವರು ಕಡಲಿನಾಚೆ. ರಸ್ತೆಗಳೂ ಆಗಿದ್ದವು. “ನಿನಗೆ ಗಣರಾಜ್ಯವೇ ಸರಿ ಕಣಯ್ಯ” ಎಂದೆ. ಅವನು ಒಪ್ಪಲಿಲ್ಲ. “ಹೋದ ಸಲ ಹಿಂಗೇ ಮಾಡಿದ್ದೆ ಸಾರ್. ನೆರೆಯವನು ಹಡಗಲ್ಲಿ ಬಂದು ಎರಡು ಊರು ಕಿತ್ಕೊಂಡ. ವಾಪಸ್ ತಗೊಳ್ಳೋಕೆ ದಂಡು ಕಳಿಸಿದ್ರೆ ನಮ್ಮ ಊರಲ್ಲೇ ಗಲಾಟೆ.” ಅನುಭವದ ಮಾತು. ಸೂತ್ರದಲ್ಲಿ ನೆರೆಯವನ ಮನಸ್ಸು ಇರುವುದಿಲ್ಲ.

ಚರಿತ್ರೆಯಲ್ಲೂ ಹೀಗಾದದ್ದುಂಟು. ಬುದ್ಧನ ಕಾಲದಲ್ಲಿ ವೈಶಾಲಿಯ ಲಿಚ್ಛವಿಗಳು ಒಬ್ಬ ರಾಜನ ಕೈಕೆಳಗಿರದೆ ಸಭೆ ಸೇರಿ ಆಡಳಿತ ನಡೆಸುತ್ತಿದ್ದರು. ನಮ್ಮ ಗಣರಾಜ್ಯ ಎಂಬ ಪದದ ‘ಗಣ’ ಅಂಥ ಸಂಘಗಳದ್ದೇ. ಪಕ್ಕದ ಮಗಧ ರಾಜರ ನಾಡು. ಕೊನೆಗೆ ಮಗಧದ ಅಜಾತಶತ್ರು ವೈಶಾಲಿಯನ್ನು ಗೆದ್ದುಕೊಂಡ. ಒಳ್ಳೆಯ ಸರ್ಕಾರವಿದ್ದ ಮಾತ್ರಕ್ಕೆ ಊರು ಉಳಿಯುತ್ತದೆ ಎನ್ನುವಂತಿಲ್ಲ.

ನಡುವಿನ ಅರಾಜಕತೆ

ಇಷ್ಟೇ ಆಗಿದ್ದರೆ ಮೊದಲು ರಾಜ, ಆಮೇಲೆ ಗಣರಾಜ್ಯ ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಆದರೆ ಸರ್ಕಾರವನ್ನು ಅಂಗಿಯಂತೆ ಬದಲಿಸಲು ಆಟ ಬಿಡುವುದಿಲ್ಲ. ಹಳೆಯದನ್ನು ತೆಗೆದ ಮೇಲೆ ಕೆಲವು ಸರದಿಗಳ ಕಾಲ ಅರಾಜಕತೆ. ಆಗ ಸಂಶೋಧನೆ ನಿಲ್ಲುತ್ತದೆ, ಬೊಕ್ಕಸ ಸೊರಗುತ್ತದೆ. ಆಟದ ಆರಂಭದಲ್ಲಿ ಒಂದು ಸರದಿಯೆಂದರೆ ಹಲವು ವರ್ಷಗಳು. ಎರಡು ಬಾರಿ ಬದಲಿಸಿದರೆ ಎರಡು ಬಾರಿ ಈ ದಂಡ ತೆರಬೇಕು. ಹಾಗಾಗಿ ನೇರವಾಗಿ ಗಣರಾಜ್ಯಕ್ಕೆ ಹಾರಬೇಕೋ, ರಾಜಪ್ರಭುತ್ವದ ಮೆಟ್ಟಿಲು ಹತ್ತಿ ಹೋಗಬೇಕೋ ಎಂಬ ಹುಡುಗನ ಪ್ರಶ್ನೆ ನಿಜಕ್ಕೂ ಕಠಿಣವಾದದ್ದೇ.

ಕೊನೆಗೆ ನಾವು ಬಂದ ತೀರ್ಮಾನ ಇದು. ನೆಲಗಡಿಯಲ್ಲಿ ನೆರೆಯವರಿದ್ದು ಯುದ್ಧ ತಪ್ಪದು ಎಂದಾದರೆ ರಾಜಪ್ರಭುತ್ವ. ನೀರು, ರಸ್ತೆ, ವ್ಯಾಪಾರ ಕೂಡಿಬಂದು ಕೋಟೆ ಕಾವಲು ಭದ್ರವಾಗಿದ್ದರೆ ನೇರ ಗಣರಾಜ್ಯ. ಯಾವುದಾದರೂ ಸರಿ, ನಿರಂಕುಶಾಧಿಕಾರದಲ್ಲಿ ತಡಮಾಡುತ್ತ ಕೂರುವುದು ಮಾತ್ರ ತಪ್ಪು. ಹುಡುಗ ರಾಜಪ್ರಭುತ್ವವನ್ನೇ ಒತ್ತಿದ. ಅವನ ರಾಜ್ಯ, ಅವನ ಇಷ್ಟ.

ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆ

ಮನೆಗೆ ಮರಳುವ ದಾರಿಯಲ್ಲಿ ಒಂದು ಯೋಚನೆ ಬಂತು. ಕಂಪ್ಯೂಟರಿನಲ್ಲಿ ಹುಡುಗ ಆಡುತ್ತಿರುವುದನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನೆಲ ನಿಜವಾಗಿಯೇ ಅನುಭವಿಸಿದೆಯಲ್ಲ!

ಕಪಿಲೆಯ ದಡದ ಕಿತ್ತೂರಿನಿಂದ ಶುರು ಮಾಡಬಹುದು. ಸುಮಾರು 1500 ವರ್ಷಗಳ ಹಿಂದೆ ಅದು ಪುನ್ನಾಟ ಎಂಬ ಪುಟ್ಟ ರಾಜ್ಯದ ರಾಜಧಾನಿ ಕೀರ್ತಿಪುರವಾಗಿತ್ತು. ಅದು ಮುಂದೆ ನೆರೆಯ ಗಂಗರ ರಾಜ್ಯದಲ್ಲಿ ಕರಗಿಹೋಯಿತು. ಪಿರಿಯಾಪಟ್ಟಣದಲ್ಲಿ ಚಂಗಾಳ್ವರು ಆಳಿದರು. 17ನೆಯ ಶತಮಾನದ ಮಧ್ಯದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಅದೂ ಮೈಸೂರಿಗೆ ಸೇರಿತು. ಹೆಗ್ಗಡದೇವನಕೋಟೆ ಎಂಬ ಹೆಸರಿನಲ್ಲೇ ಒಬ್ಬ ಹೆಗ್ಗಡೆಯೂ ಒಂದು ಕೋಟೆಯೂ ಇವೆ. ಸಣ್ಣ ಸಣ್ಣ ಒಡೆತನಗಳನ್ನು ದೊಡ್ಡ ರಾಜಪ್ರಭುತ್ವ ನುಂಗುತ್ತ ಹೋದ ಕಾಲವದು. ಗಡಿಯಲ್ಲಿ ನೆರೆಯವರಿದ್ದಾಗ ಏನಾಗುತ್ತದೆಂದು ಹುಡುಗ ಹೇಳಿದನಲ್ಲ, ಅದೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಗಾದಿಗೆ ಮತ್ತೆ ಒಡೆಯರು ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಐದು ವರ್ಷದ ಬಾಲಕ. ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. 1830ರಲ್ಲಿ ನಗರ ಪ್ರಾಂತ್ಯದಲ್ಲಿ ರೈತರು ದಂಗೆಯೆದ್ದರು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅರಸರಿಂದ ಆಡಳಿತವನ್ನೇ ಕಿತ್ತುಕೊಂಡ. ಮುಂದಿನ 50 ವರ್ಷ ಬ್ರಿಟಿಷ್ ಕಮಿಷನರುಗಳ ಆಳ್ವಿಕೆ. ಆಟದಲ್ಲಿ ಅರಾಜಕತೆ ಎರಡು ಮೂರು ಸರದಿಯಲ್ಲಿ ಮುಗಿಯುತ್ತದೆ. ಇಲ್ಲಿ ಆಡಳಿತವೇನೋ ನಡೆಯಿತು, ಆದರೆ ನಮ್ಮ ನಾಡು ತನ್ನ ಸರ್ಕಾರವನ್ನು ಮರಳಿ ಪಡೆಯಲು ಎರಡು ತಲೆಮಾರು ಹಿಡಿಯಿತು.

1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ದಿವಾನರು ಸಿ. ರಂಗಾಚಾರ್ಲು. ಹೊಸದಾಗಿ ಕೈಗೆ ಬಂದ ರಾಜ್ಯಕ್ಕೆ ಎಂಥ ಸರ್ಕಾರ ಎಂಬ ಪ್ರಶ್ನೆ ಅವರ ಮುಂದಿತ್ತು. ಅವರು ಆರಿಸಿದ್ದು ಆಟದ ಪಟ್ಟಿಯಲ್ಲಿಲ್ಲದ ಒಂದು ದಾರಿ. ರಾಜಪ್ರಭುತ್ವವನ್ನು ಉಳಿಸಿ, ಅದರ ಎದುರಿಗೆ ಪ್ರಜೆಗಳ ಒಂದು ಸಭೆ ಕೂರಿಸಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಅದು ಮೊದಲ ಬಾರಿ ಸೇರಿದಾಗ ಸದಸ್ಯರು 144 ಮಂದಿ, ಬಹುಪಾಲು ಜಮೀನುಳ್ಳ ರೈತರು ಮತ್ತು ವರ್ತಕರು. ಅವರು ದೂರು ಹೇಳಬಹುದಿತ್ತು, ಅಭಿಪ್ರಾಯ ಕೊಡಬಹುದಿತ್ತು, ತೀರ್ಮಾನ ಮಾಡುವಂತಿರಲಿಲ್ಲ. ಹತ್ತು ವರ್ಷದ ಮೇಲೆ, 1891ರಲ್ಲಿ ಚುನಾವಣೆಯ ಪದ್ಧತಿ ಬಂತು, ಆದರೆ ಮತ ಸಿಕ್ಕಿದ್ದು ಆಸ್ತಿ ಅಥವಾ ಓದು ಇದ್ದ ಕೆಲವರಿಗೆ. 1923ರಲ್ಲಿ ಸಭೆಗೆ ಕಾಯ್ದೆಯ ಬುನಾದಿ ದೊರೆಯಿತು. 1947ರ ‘ಮೈಸೂರು ಚಲೋ’ ಚಳವಳಿಯ ನಂತರ ಆ ವರ್ಷದ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂತು. ಮಾತಾಡುವ ಹಕ್ಕಿನಿಂದ ತೀರ್ಮಾನಿಸುವ ಹಕ್ಕಿನವರೆಗೆ 66 ವರ್ಷ!

ಈ ಎರಡೂ ಕಾಲವನ್ನು ಒಬ್ಬರೇ ಕಂಡ ಉದಾಹರಣೆ ನಮ್ಮ ಹುಣಸೂರು ತಾಲ್ಲೂಕಿನಲ್ಲೇ ಇದೆ. ಕಲ್ಲಹಳ್ಳಿಯ ಡಿ. ದೇವರಾಜ ಅರಸರು 1941ರಲ್ಲಿ ಮಹಾರಾಜರ ಆಳ್ವಿಕೆಯ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. 1952ರಲ್ಲಿ, ವಯಸ್ಕರೆಲ್ಲರಿಗೂ ಮತ ಬಂದ ಮೊದಲ ಚುನಾವಣೆಯಲ್ಲಿ, ಹುಣಸೂರಿನಿಂದ ವಿಧಾನಸಭೆಗೆ ಹೋದರು. 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದು, ಗೇಣಿ ಮಾಡುತ್ತಿದ್ದವರು ಉಳುವ ಹೊಲಕ್ಕೆ ತಾವೇ ಒಡೆಯರಾಗಲು ಅರ್ಜಿ ಹಾಕುವಂತಾಯಿತು. ಕಾಲುವೆ ತೋಡಿದವನಿಗೇ ಕಾಲುವೆಯ ಫಲ ಎಂದು ಆಟ ಹೇಳಿದ್ದು ನೆನಪಾಗುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯದು ಇನ್ನೂ ಹತ್ತಿರದ ಉದಾಹರಣೆ. 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರು ಅಲ್ಲಿ ಕಾಡು ಕಡಿದು ನೆಲ ಹದಮಾಡಿ ಜೋಳ ಬಿತ್ತಿ ಊರು ಕಟ್ಟಿದರು. ಆಟದ ವಲಸಿಗರಂತೆಯೇ ಸೊನ್ನೆಯಿಂದ ಶುರು. ಅವರು ವಾಸಿಸುವುದು ಭಾರತದ ಕಾನೂನಿನಡಿಯಲ್ಲಿ. ಆದರೆ ತಮ್ಮ ಸಮುದಾಯದ ಆಡಳಿತಕ್ಕೆ ಅವರು ಆರಿಸಿದ ಕ್ರಮ ಗಮನಿಸಬೇಕು. ತಲೆತಲಾಂತರದಿಂದ ಧರ್ಮಗುರುವೇ ದೊರೆಯಾಗಿದ್ದ ಸಮುದಾಯ ಅದು. ಅವರ ಮೊದಲ ಚುನಾಯಿತ ಪ್ರತಿನಿಧಿಗಳು 1960ರ ಸೆಪ್ಟೆಂಬರ್ 2ರಂದು ಪ್ರಮಾಣ ವಚನ ಸ್ವೀಕರಿಸಿದರು. 2001ರಲ್ಲಿ ಆಡಳಿತದ ಮುಖ್ಯಸ್ಥರನ್ನೇ ಜನ ನೇರವಾಗಿ ಆರಿಸಿದರು. 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಪೂರ್ಣವಾಗಿ ಬಿಟ್ಟುಕೊಟ್ಟರು. ಜನ ಕಿತ್ತುಕೊಳ್ಳುವ ಮೊದಲೇ ಅಧಿಕಾರವನ್ನು ತಾನಾಗಿ ಇಳಿಸಿಟ್ಟ ದೊರೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಆಟ ತೋರಿಸದ ಮುಖಗಳು

ಹಾಗೆಂದು ರಾಜರ ಕಾಲವೆಲ್ಲ ಕತ್ತಲೆ, ಮತದ ಕಾಲವೆಲ್ಲ ಬೆಳಕು ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. 1911ರಲ್ಲಿ ಕೃಷ್ಣರಾಜಸಾಗರಕ್ಕೆ ಅಡಿಪಾಯ ಬಿದ್ದದ್ದು ರಾಜಪ್ರಭುತ್ವದಲ್ಲಿ. ಹಳೆಯ ಯಡತೊರೆಯ ಪಕ್ಕದಲ್ಲಿ ಯೋಜನೆ ಹಾಕಿ ಕಟ್ಟಿದ ಹೊಸ ಪಟ್ಟಣಕ್ಕೆ ಕೃಷ್ಣರಾಜನಗರ ಎಂದು ಅರಸರ ಹೆಸರೇ ಇದೆ. ಆ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರೂ ಇದ್ದರು. ಇತ್ತ ಎಚ್.ಡಿ. ಕೋಟೆಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದದ್ದು ಚುನಾಯಿತ ಸರ್ಕಾರದ ಕಾಲದಲ್ಲಿ. ಅಲ್ಲೂ ಊರುಗಳು ಮುಳುಗಿದವು. ಪುನ್ನಾಟದ ಹಳೆಯ ರಾಜಧಾನಿ ಕಿತ್ತೂರೂ ನೀರು ಸೇರಿತು. ನಾಗರಹೊಳೆ ಕಾಡಿನಿಂದ ಜೇನುಕುರುಬರನ್ನು ಹೊರಗೆ ಕಳಿಸಿದ್ದೂ ಗಣರಾಜ್ಯದಲ್ಲೇ.

ಕಂಪ್ಯೂಟರಿನ ನಕ್ಷೆಯಲ್ಲಿ ಚೌಕಗಳಿವೆ; ಚೌಕದೊಳಗೆ ಯಾರ ಮನೆಯೂ ಇಲ್ಲ. ‘ಅತೃಪ್ತ’ ಎಂಬುದು ಅಲ್ಲಿ ಸಿಟ್ಟಿನ ಮುಖದ ಒಂದು ಚಿತ್ರ. ಅವನು ಯಾಕೆ ಅತೃಪ್ತ ಎಂದು ಕೇಳುವ ಗುಂಡಿಯನ್ನು ಆಟದಲ್ಲಿ ಇಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಹುಡುಗ ರಾಜಪ್ರಭುತ್ವ ಒತ್ತಿದರೂ ಗಣರಾಜ್ಯ ಒತ್ತಿದರೂ ಒತ್ತುವವನು ಅವನೊಬ್ಬನೇ. ಗಣರಾಜ್ಯದಲ್ಲೂ ಅವನನ್ನು ಯಾರೂ ಚುನಾವಣೆಯಲ್ಲಿ ಸೋಲಿಸುವುದಿಲ್ಲ. ಸಾವಿರಾರು ವರ್ಷ ಅವನೇ ದೊರೆ. ಅಂದರೆ ಆಟದ ಎಲ್ಲ ಸರ್ಕಾರಗಳ ಒಳಗೂ ಒಂದು ನಿರಂಕುಶಾಧಿಕಾರ ಅಡಗಿದೆ. ಯಾವ ಸರ್ಕಾರ ಯಾವಾಗ ಲಾಭ ಎಂಬುದನ್ನು ಆಟ ಚೆನ್ನಾಗಿ ಕಲಿಸುತ್ತದೆ. ಆರಿಸುವವರು ಯಾರು ಎಂಬುದನ್ನು ಅದು ಕಲಿಸಲಾರದು. ನಿಜವಾದ ಊರಿನಲ್ಲಿ ಸರ್ಕಾರದ ಬೆಲೆ ಗೊತ್ತಾಗುವುದು ಆ ಎರಡನೆಯ ಪ್ರಶ್ನೆಯಿಂದಲೇ. ಜೇನುಕುರುಬರಿಗೆ ಕಾಡಿನ ಹಕ್ಕು ಕೇಳಲು 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಬಾಗಿಲು ತೆರೆಯಿತು. ಆ ಹಕ್ಕಿನ ಪರಿಶೀಲನೆ ಶುರುವಾಗಬೇಕಾದದ್ದು ಗ್ರಾಮಸಭೆಯಿಂದ. ಗಣರಾಜ್ಯ ತಪ್ಪು ಮಾಡುವುದಿಲ್ಲ ಎಂದಲ್ಲ. ಮಾಡಿದ ತಪ್ಪನ್ನು ಎದುರಿಗೆ ನಿಂತು ಹೇಳಲು ಅಲ್ಲಿ ಒಂದು ಜಾಗವಿರುತ್ತದೆ.

ನಮ್ಮ ತರಗತಿಯದು ಯಾವ ಸರ್ಕಾರ?

ಮರುವಾರ ತರಗತಿಯಲ್ಲಿ ಈ ಆಟದ ಮಾತು ಬಂತು. ಎಲ್ಲರಿಗೂ ಉತ್ಸಾಹ. ಆಗ ಅದೇ ಹುಡುಗ ಮುಗ್ಧವಾಗಿ ಕೇಳಿದ: “ಸಾರ್, ನಮ್ಮ ಕ್ಲಾಸಿನದು ಯಾವ ಸರ್ಕಾರ?” ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ನಾನು ಪಾಠಕ್ಕೆ ಮರಳಿದೆ. ಆದರೆ ಪ್ರಶ್ನೆ ಮನೆಯವರೆಗೂ ಬಂತು. ಇಷ್ಟು ವರ್ಷವೂ ತರಗತಿಯ ನಾಯಕನನ್ನು ಅಂಕ ನೋಡಿ ನಾನೇ ನೇಮಿಸುತ್ತಿದ್ದೆ. ಎಲ್ಲ ನಿಯಮಗಳೂ ನನ್ನವೇ.

ರಜೆ ಮುಗಿದ ಮೇಲೆ ಚೀಟಿ ಹಾಕಿಸಿ ಚುನಾವಣೆ ಮಾಡಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗೆದ್ದಳು. ಮೂರು ವಾರ ನಿಜವಾದ ಅರಾಜಕತೆ. ಕಪ್ಪುಹಲಗೆ ಒರೆಸುವವರಿಲ್ಲ, ಕುಡಿಯುವ ನೀರು ತರುವವರಿಲ್ಲ. ಪ್ರಯೋಗಾಲಯದ ಒಂದು ಮಸೂರ ಕಳೆದೇಹೋಯಿತು. ಎರಡು ಬಾರಿ ಎಲ್ಲವನ್ನೂ ರದ್ದು ಮಾಡಿ ಹಳೆಯ ಪದ್ಧತಿಗೆ ಹೋಗೋಣ ಎನ್ನಿಸಿತು. ಹುಡುಗಿ ಒಂದು ದಿನ ಬಂದು, “ಸಾರ್, ಇನ್ನೊಂದು ವಾರ ಟೈಮ್ ಕೊಡಿ” ಎಂದಳು. ಕೊಟ್ಟೆ.

ನಾಲ್ಕನೆಯ ವಾರ ಗೋಡೆಗೆ ಒಂದು ಪಟ್ಟಿ ಬಂತು. ಯಾವ ದಿನ ಯಾರ ಕೆಲಸ ಎಂದು ಅವರೇ ಬರೆದಿದ್ದರು. ಕೆಳಗೆ ಐದು ನಿಯಮಗಳು. ಐದನೆಯದು ಹೀಗಿತ್ತು: ‘ಬೆಲ್ ಹೊಡೆದ ಮೇಲೆ ಸಾರ್ ಪಾಠ ಮುಂದುವರಿಸಬಾರದು.’ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನನ್ನನ್ನೂ ಕಟ್ಟಿಹಾಕುವ ಒಂದು ನಿಯಮ ಆ ತರಗತಿಯಲ್ಲಿ ಅದೇ ಮೊದಲು. ಅಂದಿನಿಂದ ಬೆಲ್ ಹೊಡೆದರೆ ಸೀಮೆಸುಣ್ಣ ಕೆಳಗಿಡುತ್ತೇನೆ. ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಮಸೂರ ಇನ್ನೂ ಸಿಕ್ಕಿಲ್ಲ. ಆದರೆ ನೀರು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಪೋಷಕರಿಗೆ ಎರಡು ಮಾತು

ಇಂಥ ಆಟವನ್ನು ಮನೆಯಿಂದ ಓಡಿಸಬೇಕಿಲ್ಲ. ಹಾಗೆಂದು ಕಡಿವಾಣವಿಲ್ಲದೆ ಬಿಡುವಂತೆಯೂ ಇಲ್ಲ. ‘ಇನ್ನೊಂದೇ ಸರದಿ’ ಎನ್ನುತ್ತ ಮಧ್ಯರಾತ್ರಿ ಮಾಡಿಬಿಡುವ ಗುಣ ಇದಕ್ಕಿದೆ. ಪರೀಕ್ಷೆಯ ವರ್ಷದಲ್ಲಿ ಅದು ಅಪಾಯವೇ. ವಾರಕ್ಕೆ ಇಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿ. ಸಾಧ್ಯವಾದರೆ ಒಮ್ಮೆ ಪಕ್ಕದಲ್ಲಿ ಕೂತು, ಯಾವ ಸರ್ಕಾರ ಆರಿಸಿದೆ, ಯಾಕೆ, ಅದರಿಂದ ಕಳೆದುಕೊಂಡದ್ದೇನು, ಆ ಊರಿನವರನ್ನು ಕೇಳಿದ್ದರೆ ಅವರು ಏನು ಆರಿಸುತ್ತಿದ್ದರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಮಕ್ಕಳನ್ನು ನಿಮ್ಮ ಊರಿನ ಗ್ರಾಮಸಭೆಗೆ ಒಂದು ಸಲ ಕರೆದುಕೊಂಡು ಹೋಗಿ. ಅಲ್ಲಿನ ಗದ್ದಲ, ತಡ, ಜಗಳ ಎಲ್ಲವನ್ನೂ ನೋಡಲಿ. ಆಟದಲ್ಲಿ ಸಿಗದ ಭಾಗ ಅದು.

ಆ ಹುಡುಗನ ತಂದೆ ಮೊನ್ನೆ ಮತ್ತೆ ಸಿಕ್ಕಿದ್ದರು. “ಹೆಂಗಿದೆ ಮನೆ ಸರ್ಕಾರ?” ಎಂದು ಕೇಳಿದೆ. ಭಾನುವಾರ ಒಂದು ಗಂಟೆ ಮಾತ್ರ ಆಟ ಎಂದು ಅಪ್ಪ ಮಗ ಇಬ್ಬರೂ ಒಪ್ಪಿ ಕ್ಯಾಲೆಂಡರಿನ ಹಿಂದೆ ಬರೆದಿದ್ದಾರಂತೆ. “ಬಡ್ಡೀಮಗ ಒಂದು ಷರತ್ತು ಹಾಕವ್ನೆ ಮೇಷ್ಟ್ರೇ. ಅವನು ಓದ್ಕೊಳ್ಳೋ ಹೊತ್ತಲ್ಲಿ ನಾನು ಟಿ.ವಿ. ಹಾಕಂಗಿಲ್ವಂತೆ.”

“ಹಾಕ್ತೀರಾ?” ಎಂದೆ.

“ಎಲ್ಲಿ ಸಾ, ಸೈನ್ ಮಾಡ್ಬುಟ್ಟಿವ್ನಲ್ಲ” ಎನ್ನುತ್ತ ನಕ್ಕು 
ಪಿರಿಯಾಪಟ್ಟಣದ ಬಸ್ಸು ಹತ್ತಿದರು.